ಹಾರ್ಮೋನಿಯಂ ಮೇಷ್ಟ್ರ ಕಾರಿನ ಸದ್ದು

ಚಿಕ್ಕಬೋರಮ್ಮ ಮದ್ದೂರಿನ ವಕೀಲೆ ರೂಪಳ ಕಚೇರಿಗೆ ಬಂದಾಗ ಅವಳ ಕಾಲಿನ ಚಪ್ಪಲಿಗಳೆರಡೂ ಬೇರೆ ಬೇರೆ ಜೋಡಿಯವು. ಮಳವಳ್ಳಿಯಲ್ಲಿ ಸಿಕ್ಕಿದ ಬಸ್ಸು ಹತ್ತಿ ಓಡಿಬಂದಿದ್ದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ಲಾಯರವ್ವ, ನಮ್ಮೆಜಮಾನ್ರನ್ನ ಟೇಸನ್ನಲ್ಲಿ ಕೂರ್ಸವ್ರೆ. ಮೇಷ್ಟ್ರನ್ನ ಕೊಂದೋನು ನೀನೇ ಅಂತವ್ರೆ. ಬೋಲ್ಟು ಬಿಗಿ ಮಾಡ್ದೆ ಬುಟ್ಟ ಅಂತ ಊರೆಲ್ಲ ಉಗೀತಾ ಅದೆ. ನಮ್ಮ ಗ್ಯಾರೇಜಿನ ಬಾಗ್ಲಿಗೆ ಸಗಣಿ ಎರಚವ್ರೆ ಕಣವ್ವ.”

ಮೇಷ್ಟ್ರು ಎಂದರೆ ಹಾರ್ಮೋನಿಯಂ ಕೆಂಪಸಿದ್ದಯ್ಯ ಎಂದು ರೂಪಳಿಗೆ ಹೇಳಬೇಕಾಗಿರಲಿಲ್ಲ. ಹಳ್ಳಿಹಳ್ಳಿ ಸುತ್ತಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಅವರ ಕೈಯಲ್ಲಿ ಒಂದು ಕಂದ ಪದ್ಯವಾದರೂ ಹೇಳಿಸಿಕೊಳ್ಳದ ಗಂಡಸರು ಆ ಕಡೆ ಕಡಿಮೆ. ಹಿಂದಿನ ವಾರ ಅವರ ಹಳೆಯ ಕಾರು ಮಳವಳ್ಳಿ ರಸ್ತೆಯ ನಾಲೆ ಏರಿಯ ಮೇಲೆ ಹೋಗುತ್ತಿದ್ದಾಗ ಮುಂದಿನ ಎಡಚಕ್ರ ಒಳಕ್ಕೆ ಮಡಚಿಕೊಂಡಿತ್ತು. ಕಾರು ಏರಿಯಿಂದ ಗದ್ದೆಯ ಕೆಸರಿಗೆ ಉರುಳಿತ್ತು. ಹಳ್ಳಿಯವರು ಹೊರಗೆಳೆಯುವಷ್ಟರಲ್ಲಿ ಮೇಷ್ಟ್ರ ಉಸಿರು ನಿಂತಿತ್ತು.

ಅದಕ್ಕೆ ಕೆಲವೇ ದಿನ ಮೊದಲು ಚಿಕ್ಕಬೋರಮ್ಮನ ಗಂಡ ದೇವರಾಜು ಆ ಚಕ್ರದ ಲೋವರ್ ಆರ್ಮ್ ಬದಲಾಯಿಸಿದ್ದ. ಚಕ್ರವನ್ನು ಗಾಡಿಯ ಒಡಲಿಗೆ ತೋಳಿನಂತೆ ಹಿಡಿದಿಡುವ ಉಕ್ಕಿನ ತುಂಡು ಅದು. ಅದರ ತುದಿಯಲ್ಲಿ ಬಟ್ಟಲೊಳಗೆ ಕೂತ ಗುಂಡಿನಂಥ ಕೀಲೊಂದಿರುತ್ತದೆ. ಆ ಕೀಲನ್ನು ಚಕ್ರದ ಕಡೆಯ ಹಿಡಿಯೊಂದು ಬೋಲ್ಟಿನಿಂದ ಕಚ್ಚಿಕೊಂಡಿರುತ್ತದೆ.

“ಸಾಮಾನು ನಿಮ್ಮದಾ?” ರೂಪ ಕೇಳಿದಳು.

“ಇಲ್ಲ ಕಣವ್ವ. ಮೇಷ್ಟ್ರ ಮಗ ರಘುನಂದನ್ ತಂದ್ಕೊಟ್ಟಿದ್ದು. ಅದ್ರ ಮ್ಯಾಲೆ ಕಂಪ್ನಿ ಮುದ್ರೇನೇ ಇರ್ಲಿಲ್ಲ ಅಂತ ಇವ್ರು ಏಳ್ತಾರೆ. ಪೊಲೀಸ್ನೋರು ನೋಡುದ್ರೆ ಮುದ್ರೆ ಅದೆ ಅಂತಾರೆ. ಸುಳ್ಳ ಅಂತ ಕಪಾಳಕ್ಕೆ ಒಡುದ್ರಂತೆ. ನಮ್ಮೋರು ಸುಳ್ಳೇಳಕ್ಕಿಲ್ಲ.”

ರೂಪ ಫೋನ್ ತೆಗೆದು ಮಹಮೂದಾಗೆ ಕರೆ ಮಾಡಿದಳು.

ಮಹಮೂದಾ ಮಂಡ್ಯದವಳು, ರೂಪಳ ಕಾಲೇಜು ಗೆಳತಿ. ವಿಮೆಯವರ ಪರವಾಗಿ ಅಪಘಾತದ ಗಾಡಿಗಳನ್ನು ಪರೀಕ್ಷಿಸುವ ಸರ್ವೇಯರ್. ಬೇರೆಯವರು ಮುಗಿಯಿತೆಂದು ಕೈತೊಳೆದುಕೊಂಡ ಎಷ್ಟೋ ಕೇಸುಗಳ ಗಂಟನ್ನು ಅವಳು ಬಿಡಿಸಿದ್ದಳು. ಅಂಥ ಹೊತ್ತಿನಲ್ಲೆಲ್ಲ ರೂಪ ಜೊತೆಗಿದ್ದಳು. ಮೇಷ್ಟ್ರ ಕಾರನ್ನು ನೋಡುವ ಕೆಲಸವೂ ಮಹಮೂದಾಗೇ ಬಂದಿತ್ತು.

“ಗೆಜ್ಜಲಗೆರೆಗೆ ಬಾ. ಕಾರು ನಜೀರ್ ಅಹ್ಮದ್ ಅವರ ಶೆಡ್ಡಿನಲ್ಲಿದೆ. ದೇವರಾಜು ಫೋನು ಅವರ ಹೆಂಡತಿ ಹತ್ತಿರ ಇದ್ದರೆ ತಗೊಂಡು ಬಾ” ಎಂದಳು ಅವಳು.

ನಜೀರ್ ಅಹ್ಮದ್ ಕೆಟ್ಟು ಬಿದ್ದ ಗಾಡಿಗಳನ್ನು ಎತ್ತಿ ಸಾಗಿಸುವ ಕ್ರೇನಿನ ಮಾಲೀಕ. ಅವನ ಶೆಡ್ಡಿನ ಅಂಗಳ ಕೆಮ್ಮಣ್ಣಿನದು. ಕಾರು ಒಂದು ಮೂಲೆಯಲ್ಲಿ ಮುಖ ಮುರಿದುಕೊಂಡು ನಿಂತಿತ್ತು. ಚಾಲಕನ ಸೀಟಿನ ಮೇಲೆ ಕಂದುಗಟ್ಟಿದ ಕಲೆಗೆ ನೊಣ ಮುತ್ತಿದ್ದವು. ರೂಪ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಪಕ್ಕದಲ್ಲೇ ಬಿಳಿ ಪಂಚೆಯ ರಘುನಂದನ್ ಫೋನಿನಲ್ಲಿ ತಿಥಿಯ ಅಡುಗೆಯವನೊಂದಿಗೆ ಜಗಳವಾಡುತ್ತಿದ್ದ. “ಪಾಯಸ ನೀರಾದ್ರೆ ಜನ ಉಗೀತಾರೆ ಕಣಯ್ಯ.” ರೂಪಳನ್ನೂ ಮಹಮೂದಾಳನ್ನೂ ಕಂಡೊಡನೆ ಫೋನಿಟ್ಟು ಮುಖ ಬಾಡಿಸಿಕೊಂಡ. “ಅಪ್ಪನ್ನ ಕೊಂದವನನ್ನ ಬಿಡಬೇಡಿ ಮೇಡಂ. ಅದನ್ನೇ ಬರೀರಿ” ಎಂದು ಮಹಮೂದಾಗೆ ಹೇಳಿ, ಬೈಕ್ ಹತ್ತಿ ಹೋದ.

ಮಹಮೂದಾ ನೆಲದ ಮೇಲೆ ಗೋಣಿಚೀಲ ಹಾಸಿ ಕಾರಿನಡಿ ಮಲಗಿದಳು. “ರೂಪಾ, ನೀನೂ ಬಗ್ಗು” ಎಂದಳು.

ಕಾರಿನ ಹೊಟ್ಟೆಗೆಲ್ಲ ಗದ್ದೆಯ ಕಪ್ಪು ಕೆಸರು ಒಣಗಿ ಅಂಟಿತ್ತು. ಎಡಗಡೆಯ ಆರ್ಮಿನ ಮೇಲೆ ಮಾತ್ರ ಕೆಂಪು ಮಣ್ಣು. ಅದರ ತುದಿಯ ಕೀಲು ಚಕ್ರದ ಹಿಡಿಯಿಂದ ಹೊರಬಂದು ನೇತಾಡುತ್ತಿತ್ತು, ಹಿಡಿಯ ಬೋಲ್ಟು ಸಡಿಲವಾಗಿತ್ತು. ಬೋಲ್ಟಿನ ತೂತು ಹೊಸದರ ಹಾಗೆ ದುಂಡಗಿತ್ತು. ಆರ್ಮಿನ ಮೇಲೆ ಕಂಪನಿಯ ಮುದ್ರೆ ಸ್ಪಷ್ಟವಾಗಿತ್ತು.

“ಈ ಹಳದಿ ಬಣ್ಣ ಏನು?” ರೂಪ ಕೇಳಿದಳು. ಆರ್ಮನ್ನು ಒಡಲಿಗೆ ಬಿಗಿದ ಬೋಲ್ಟಿನ ತಲೆಯ ಮೇಲೆ ಒಂದು ಚಿಕ್ಕ ಹಳದಿ ಗೀಟಿತ್ತು. ಪಕ್ಕದ ಲಿಂಕ್ ರಾಡ್ ಎಂಬ ಸರಳಿನ ನಟ್ಟಿನ ಮೇಲೂ ಇತ್ತು. ಅಲ್ಲಿ ಗೀಟು ನಟ್ಟಿನಿಂದ ರಾಡಿನವರೆಗೂ ನೆಟ್ಟಗೆ ಹರಿದಿತ್ತು.

“ಬಿಗಿ ಮಾಡಿದ ಮೇಲೆ ದೇವರಾಜು ಹಾಕೋ ಗುರುತು, ಅವನು ರಿಪೇರಿ ಮಾಡಿದ ಬೇರೆ ಗಾಡಿಗಳಲ್ಲೂ ನೋಡಿದ್ದೀನಿ. ನಟ್ಟು ತಿರುಗಿದ್ರೆ ಗೀಟು ಮುರಿಯುತ್ತೆ” ಎಂದು ಮಹಮೂದಾ ಎದ್ದಳು.

ಡಿಕ್ಕಿ ತೆಗೆದರೆ ಕೆಸರು ನೀರು ಕುಡಿದು ಉಬ್ಬಿದ ಹಾರ್ಮೋನಿಯಂ ಇತ್ತು. ಸ್ವರದ ಮನೆಗಳನ್ನು ಇಲಿ ಕಡಿದು ಹಾಕಿದಂತೆ ಕಾಣುತ್ತಿದ್ದ ಅದರ ಬಾಯನ್ನು ನೋಡಲಾಗದೆ ರೂಪ ಡಿಕ್ಕಿ ಮುಚ್ಚಿದಳು.

“ಕಾರು ಬಂದ ಮೇಲೆ ಯಾರು ಯಾರು ಇಲ್ಲಿಗೆ ಬಂದಿದ್ರು ನಜೀರ್ ಭಾಯ್?” ಮಹಮೂದಾ ಕೇಳಿದಳು.

“ಮಾರನೇ ದಿನ ಬೆಳಿಗ್ಗೆ ಮೇಷ್ಟ್ರ ಮಗ ಬಂದಿದ್ರು. ಹೆಣ ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಅಪ್ಪನ ಹಾರ್ಮೋನಿಯಂ ತಗೊಂಡೋಗ್ತೀನಿ, ಗಾಡಿಗೊಂದು ಪೂಜೆ ಮಾಡಿಬಿಡ್ತೀನಿ ಅಂದ್ರು. ನನ್ನನ್ನೇ ಮದ್ದೂರಿಗೆ ಹೂವು, ಕರ್ಪೂರಕ್ಕೆ ಕಳಿಸಿದ್ರು. ಮಧ್ಯಾಹ್ನ ಎಸ್ಸೈ ಸಾಹೇಬ್ರು ಬಂದ್ರು. ಅವರ ಹಿಂದೇನೇ ಮಂಡ್ಯದ ಬಿಡಿಭಾಗದ ಅಂಗಡಿ ಶಶಿಧರ್ ಬಂದು ಗೇಟಿನ ಹತ್ತಿರ ನಿಂತು ಹೋದ. ಅಷ್ಟೇ ಅಕ್ಕ.”

ದೇವರಾಜುವಿನ ಫೋನಿನಲ್ಲಿ ಮೇಷ್ಟ್ರು ಸಾಯುವ ಹಿಂದಿನ ದಿನ ಕಳಿಸಿದ್ದ ಧ್ವನಿ ಸಂದೇಶ ಇತ್ತು. ಸತ್ತವರ ದನಿ ಅಂಗಳದಲ್ಲಿ ತುಂಬಿಕೊಂಡಾಗ ನಜೀರ್ ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ದೇವರಾಜು, ಎಡಗಡೆ ಚಕ್ರದ ಸದ್ದು ಕೇಳಪ್ಪ. ಸ್ಟೇರಿಂಗ್ ತಿರುಗಿಸಿದರೆ ಸಾಕು, ಎಣ್ಣೆ ಕಾಣದ ಬಾಗಿಲ ಹಾಗೆ ಕಿರ್‍ರ್ ಅಂತದೆ. ನನ್ನ ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿಯಿಂದ ಹಿಡಿದು ಮೇಲಕ್ಕೇ ಎಳೀತದೆ. ಬ್ರೇಕ್ ಒತ್ತಿ ನೋಡಿದೆ, ಏನೂ ಇಲ್ಲ. ಹಂಪಿನ ಮೇಲೂ ಕುಟ್ಟಲ್ಲ. ಬರೀ ಕಿರ್‍ರ್.”

ಕೆಳಗೆ ದೇವರಾಜುವಿನ ಉತ್ತರ: “ಗಾಡಿ ತೆಗೀಬ್ಯಾಡಿ ಮೇಷ್ಟ್ರೇ. ನಾಳೆ ನಾನೇ ಬತ್ತೀನಿ.” ಅದನ್ನು ಮೇಷ್ಟ್ರು ಕೇಳಿಸಿಕೊಂಡ ಗುರುತು ಇರಲಿಲ್ಲ.

ಮಹಮೂದಾ ಸಂದೇಶವನ್ನು ಮತ್ತೆ ಹಾಕಿ ಕೇಳಿದಳು. “ಎಂಥ ಕಿವಿ!” ಎಂದಳು ಮೆಲ್ಲಗೆ. “ನಡಿ, ಮಂಡ್ಯಕ್ಕೆ ಹೋಗೋಣ.”

ಶಶಿಧರನ ಅಂಗಡಿಯಲ್ಲಿ ಕಪ್ಪು ಬಣ್ಣ ಮಿರುಗುವ ಆರ್ಮುಗಳು ಕೊಕ್ಕೆಗಳಿಗೆ ಸಾಲಾಗಿ ನೇತಾಡುತ್ತಿದ್ದವು. ಬಣ್ಣದ ವಾಸನೆ ಗಂಟಲಿಗೆ ಹಿಡಿಯುತ್ತಿತ್ತು. ರೂಪಳಿಗೆ ಕಸಾಯಿ ಅಂಗಡಿಯ ನೆನಪಾಯಿತು.

ಮಹಮೂದಾ ಗಿರಾಕಿಯಂತೆ ಕಾರಿನ ಹೆಸರು ಹೇಳಿದಳು. “ಕಂಪನಿದೇ ಬೇಕಿತ್ತು.”

“ಕಂಪನಿದು ತೋರಿಸೋಕೆ ಅಂತ ಒಂದಿಟ್ಟಿದ್ದೆ, ಮೊನ್ನೆ ಖಾಲಿಯಾಯ್ತು.” ಶಶಿಧರ್ ಖಾಲಿ ಕೊಕ್ಕೆಯ ಕಡೆ ಕೈ ಮಾಡಿದ. “ಇದೂ ಅದಕ್ಕೆ ಕಮ್ಮಿ ಇಲ್ಲ ಮೇಡಂ. ನಮ್ಮ ಪಾಲುದಾರರು ರಘುನಂದನ್ ಖುದ್ದಾಗಿ ಮಾಡಿಸೋ ಸರಕು. ಪಾಪ, ಅವರ ತಂದೆ ಮೊನ್ನೆ ತೀರಿಕೊಂಡ್ರು. ಯಾವನೋ ಮೆಕ್ಯಾನಿಕ್ ಬೋಲ್ಟು ಬಿಗಿ ಮಾಡಿರಲಿಲ್ಲವಂತೆ.”

ಮಹಮೂದಾ ಆ ಕಾರಿಗೆ ಹೊಂದುವ ಎಡಗಡೆಯ ಆರ್ಮುಗಳನ್ನೆಲ್ಲ ಒಂದೊಂದಾಗಿ ಇಳಿಸಿ, ಮೂಸಿ, ಉಗುರಿನಿಂದ ಕೆರೆದು ನೋಡಿದಳು. ಕೊನೆಗೆ ಒಂದನ್ನು ಆರಿಸಿ ರಸೀದಿ ಸಮೇತ ಕೊಂಡಳು. ಹೊರಗೆ ಬಂದಾಗ ಅವಳ ಮುಖ ಬಿಳಿಚಿತ್ತು. ರೂಪ ಏನೆಂದು ಕೇಳಿದರೆ, “ಈಗ ಬಾಯಿ ಬಿಟ್ಟರೆ ವಾಂತಿಯಾಗುತ್ತೆ ಕಣೇ” ಎಂದಳಷ್ಟೆ. ಅಲ್ಲಿಂದಲೇ ಎಸ್ಸೈಗೆ ಫೋನ್ ಮಾಡಿದಳು.

ಮರುದಿನ ಬೆಳಿಗ್ಗೆ ನಜೀರನ ಅಂಗಳದಲ್ಲಿ ಎಲ್ಲರೂ ಸೇರಿದರು. ಎಸ್ಸೈ ಒಲ್ಲದ ಮನಸ್ಸಿನಿಂದ ದೇವರಾಜುವನ್ನು ಕರೆತಂದಿದ್ದರು. ಅವನ ಕೆನ್ನೆ ಊದಿತ್ತು. ಚಿಕ್ಕಬೋರಮ್ಮ ಅವನ ಪಕ್ಕಕ್ಕೆ ಹೋಗಿ ನಿಂತಳು. ರಘುನಂದನ್ ಅವನ ಕಡೆ ನೋಡಿ ಕ್ಯಾಕರಿಸಿ ಉಗಿದ. ಶಶಿಧರ್ ಬೆವರು ಒರೆಸಿಕೊಳ್ಳುತ್ತಿದ್ದ.

ಮಹಮೂದಾ ಮೊದಲು ಮೇಷ್ಟ್ರ ದನಿಯನ್ನು ಎಲ್ಲರಿಗೂ ಕೇಳಿಸಿದಳು.

“ಬೋಲ್ಟು ಸಡಿಲವಾಗಿದ್ದರೆ ಬ್ರೇಕ್ ಒತ್ತಿದಾಗ, ಹಂಪು ಹತ್ತಿದಾಗ ಟಕ್ ಅಂತ ಕುಟ್ಟಬೇಕಿತ್ತು ಸರ್. ಮೇಷ್ಟ್ರು ಎರಡನ್ನೂ ನೋಡಿದ್ದಾರೆ, ಕುಟ್ಟಿಲ್ಲ. ತಿರುಗಿಸಿದಾಗ ಕಿರುಗುಟ್ಟಿದೆ. ಅಂದರೆ ಬಟ್ಟಲೊಳಗೆ ಗುಂಡು ಒಣಗಿ ತಿಕ್ಕುತ್ತಿದೆ. ಈಗ ಕಾರಿನಲ್ಲಿರೋ ಕೀಲು ಅಲ್ಲಾಡಿಸಿ ನೋಡಿ, ಗ್ರೀಸು ತುಂಬಿದೆ, ಬೆಣ್ಣೆ ಹಾಗೆ ತಿರುಗುತ್ತೆ. ಮೇಷ್ಟ್ರು ಕೇಳಿಸಿಕೊಂಡ ಸದ್ದು ಈ ಕೀಲಿನದಲ್ಲ.”

ಎಸ್ಸೈ ತಾವೇ ಬಗ್ಗಿ ಅಲ್ಲಾಡಿಸಿದರು. ಸದ್ದಿಲ್ಲ.

“ಇನ್ನು ಬೋಲ್ಟಿನ ತೂತು. ಸಡಿಲ ಬೋಲ್ಟಿನಲ್ಲಿ ಅಷ್ಟು ದಿನ ಓಡಿದ್ದರೆ ತೂತು ಸವೆದು ಮೊಟ್ಟೆಯಾಕಾರ ಆಗಬೇಕಿತ್ತು, ದುಂಡಗಿದೆ. ಕಾರಿಗೆಲ್ಲ ಕಪ್ಪು ಕೆಸರು ಮೆತ್ತಿದೆ, ಈ ಆರ್ಮಿಗೆ ಮಾತ್ರ ಈ ಅಂಗಳದ ಕೆಮ್ಮಣ್ಣು ಬಳಿದಿದೆ. ದೇವರಾಜು ಹಾಕಿದ ಹಳದಿ ಗೀಟು ಬೋಲ್ಟಿನ ತಲೆ ಮೇಲಿದೆ, ಆರ್ಮಿನ ಮೇಲಿಲ್ಲ. ಕಾರು ಇಲ್ಲಿಗೆ ಬಂದ ಮೇಲೆ ಆರ್ಮನ್ನೇ ಬದಲಾಯಿಸಿದ್ದಾರೆ ಸರ್. ಹಿಡಿಯಲ್ಲಿ ಸಿಕ್ಕಿಕೊಂಡಿದ್ದ ಮುರಿದ ಕೀಲನ್ನು ಕಿತ್ತು, ಬೋಲ್ಟು ಸಡಿಲ ಮಾಡಿ, ಹೊಸದನ್ನು ನೇತುಹಾಕಿದ್ದಾರೆ. ನೋಡಿದವರು ಮೆಕ್ಯಾನಿಕ್ ತಪ್ಪು ಅನ್ನಲಿ ಅಂತ.”

ಎಲ್ಲರ ಕಣ್ಣೂ ನಜೀರನ ಕಡೆ ತಿರುಗಿದವು. ಅವನು ಎರಡು ಹೆಜ್ಜೆ ಹಿಂದೆ ಸರಿದ. “ಅಲ್ಲಾನಾಣೆ ನಾನಲ್ಲ.”

“ನೀವಲ್ಲ ಭಾಯ್. ಕ್ರೇನ್ ಇಟ್ಟುಕೊಂಡವರು ನೆಲದ ಮೇಲೆ ಹೊರಳಾಡಿ ಆ ಕೆಲಸ ಮಾಡೋದಿಲ್ಲ. ಯಾರದೋ ಅಂಗಡಿಯ ಮಾನ ಉಳಿಸೋ ಗರಜೂ ನಿಮಗಿಲ್ಲ. ಶಶಿಧರ್ ಬಂದಿದ್ದು ಪೊಲೀಸರು ಬಂದ ಮೇಲೆ. ಅವರಿಗೂ ಮೊದಲು ಇಲ್ಲಿ ಒಂಟಿಯಾಗಿದ್ದವರು ಒಬ್ಬರೇ.” ಮಹಮೂದಾ ರಘುನಂದನನ ಕಡೆ ತಿರುಗಿದಳು. “ಹಾರ್ಮೋನಿಯಂ ತಗೊಂಡು ಹೋಗೋಕೆ ಅಂತ ಬಂದಿರಿ. ಅದು ಇನ್ನೂ ಡಿಕ್ಕಿಯಲ್ಲೇ ಕೊಳೀತಾ ಇದೆ. ಹಾಗಾದರೆ ಬಂದಿದ್ದು ಯಾತಕ್ಕೆ?”

“ದುಃಖದಲ್ಲಿ ಮರೆತೋಯ್ತು. ಎಲ್ಲ ಬಾಯಿಮಾತು. ಸಾಕ್ಷಿ ಎಲ್ಲಿದೆ?”

ಮಹಮೂದಾ ಕಾಗದ ಸುತ್ತಿದ್ದ ಪೊಟ್ಟಣ ಬಿಚ್ಚಿದಳು. “ನಿನ್ನೆ ನಿಮ್ಮ ಅಂಗಡಿಯಲ್ಲಿ ಕೊಂಡಿದ್ದು. ಹೊಸದು ಅಂತ ಕೊಟ್ಟರು.” ಬಟ್ಟೆಯನ್ನು ತಿನ್ನರಿನಲ್ಲಿ ಅದ್ದಿ ಆರ್ಮಿನ ಬುಡ ಒರೆಸಿದಳು. ಕಪ್ಪು ಬಣ್ಣ ಕರಗಿ ಹೋಗಿ ಅಡಿಯಿಂದ ಹಳದಿ ಗೀಟು ಮೇಲೆದ್ದಿತು. ಅದನ್ನು ಕಾರಿನ ಬೋಲ್ಟಿಗೆ ಹಿಡಿದಾಗ ಎರಡು ತುಂಡೂ ಸೇರಿ ಒಂದೇ ಗೀಟಾಯಿತು. ತುದಿಯ ಬಟ್ಟಲಿನ ಬಣ್ಣವನ್ನೂ ಒರೆಸಿದಳು. ಬಾಯಿ ಹರಿದುಹೋದ ಜಾಗಕ್ಕೆ ವೆಲ್ಡಿಂಗ್ ಹಾಕಿ, ಇನ್ನೊಂದು ಹಳೇ ಗುಂಡನ್ನು ತುರುಕಲಾಗಿತ್ತು.

ರೂಪಳಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅಪ್ಪನನ್ನು ಕೊಂದ ತುಂಡನ್ನು ನಾಲೆಗೆಸೆಯುವ ಮನಸ್ಸೂ ಇವನಿಗೆ ಬಂದಿರಲಿಲ್ಲ. ಬಣ್ಣ ಬಳಿದು ಮಾರಾಟಕ್ಕೆ ಇಟ್ಟಿದ್ದ.

“ಗುಜರಿಯಿಂದ ಸವೆದ ಆರ್ಮು ತಂದು, ಬಣ್ಣ ಹೊಡೆದು, ಹೊಸ ರಬ್ಬರು ಹಾಕಿ ಮಾರೋದು ಇವರ ದಂಧೆ. ಅಪ್ಪನ ಗಾಡಿಗೂ ಅದನ್ನೇ ಕೊಟ್ಟರು. ಅಂಗಡಿಯಲ್ಲಿದ್ದ ಒಂದೇ ಒಂದು ಅಸಲಿ ಸಾಮಾನು ಆ ಗಾಡಿಗೆ ಬಿದ್ದಿದ್ದು ಅಪ್ಪ ಸತ್ತ ಮೇಲೆ” ಎಂದಳು ಮಹಮೂದಾ.

ಶಶಿಧರ್ ಕುಸಿದು ಕೂತ. “ಅದೇ ಪೀಸು ಅಂತ ನಂಗೊತ್ತಿಲ್ಲ ಸಾರ್! ರಿಪೇರಿಗೆ ಬಂದಿರೋದು ಅಂತ ತಂದಿಟ್ಟ.”

ರಘುನಂದನ್ ಪಂಚೆಯ ಮಣ್ಣು ಕೊಡವಿಕೊಂಡ. “ಸತ್ತೋರು ಸತ್ತೋದ್ರು. ನಾನು ಕೊಲ್ಲಬೇಕು ಅಂತ ಮಾಡಿದ್ನಾ? ಕಟ್ಟಿದ ವ್ಯಾಪಾರ ಯಾಕೆ ಹಾಳಾಗ್ಬೇಕು? ಇವನು ಮೆಕ್ಯಾನಿಕ್ಕು, ನಾಲ್ಕು ದಿನ ಒಳಗಿದ್ದು ಬರ್ತಿದ್ದ.”

ಚಿಕ್ಕಬೋರಮ್ಮ ಮುಂದೆ ಬಂದು ಅವನ ಎದುರು ನಿಂತಳು. “ಥೂ. ಮೇಷ್ಟ್ರು ನಿನ್ನ ಹೆತ್ರೇನ್ಲಾ?” ಎಂದಳು. ದೇವರಾಜು ಅವಳ ತೋಳು ಹಿಡಿದು ಹಿಂದಕ್ಕೆ ಕರೆದುಕೊಂಡ. ಎಸ್ಸೈ ಅವನ ಊದಿದ ಕೆನ್ನೆಯ ಕಡೆ ನೋಡದೆ, “ನೀನು ಮನೆಗೆ ಹೋಗಪ್ಪ” ಎಂದರು.

ಪೊಲೀಸರು ಜೀಪು ಹತ್ತಿಸುವಾಗ ರಘುನಂದನ್ ರೂಪಳ ಹತ್ತಿರ ಬಾಗಿದ. “ಮೇಡಂ, ನಿಮ್ಮ ಹೆಸರು ಕೇಳಿದ್ದೀನಿ. ಜಾಮೀನಿಗೆ ನೀವೇ ನಿಂತ್ಕೊಳ್ಳಿ.” ಅವನ ಉಸಿರು ಕೆನ್ನೆಗೆ ತಾಗಿದಂತಾಗಿ ರೂಪ ಪಕ್ಕಕ್ಕೆ ಸರಿದಳು.

ಮಹಮೂದಾ ಶಶಿಧರನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. “ಇದೇ ಸರಕು ಇನ್ನು ಯಾರ್‍ಯಾರ ಗಾಡಿಗೆ ಹೋಗಿದೆ? ಹೇಳಿ. ಈಗಲೇ.”

ಅವನು ತೊದಲುತ್ತ ಹೆಸರು ಹೇಳತೊಡಗಿದ. ಬಸರಾಳಿನ ಕಡೆಯ ಸ್ಕೂಲ್ ವ್ಯಾನಿನ ಬೋರಯ್ಯ ಎಂದೊಡನೆ ರೂಪ ಅವನ ಫೋನನ್ನೇ ಕಿತ್ತುಕೊಂಡು ಆ ನಂಬರಿಗೆ ಕರೆ ಮಾಡಿದಳು. ಆ ಕಡೆ ಮಕ್ಕಳ ಗದ್ದಲ, ಎಂಜಿನ್ನಿನ ಗುಡುಗು.

“ಯಾರು? ಗಾಡಿ ಓಡುಸ್ತಾವ್ನಿ, ಆಮ್ಯಾಕೆ ಮಾಡಿ.”

“ಇಡಬೇಡಿ. ಹೊಸ ಆರ್ಮು ಹಾಕಿಸಿದ್ರಲ್ಲ, ಅಲ್ಲಿಂದ ಏನಾದ್ರೂ ಸದ್ದು ಬರುತ್ತಾ?”

“ಬತ್ತದೆ ಕಣವ್ವ, ತಿರುವ್ನಲ್ಲಿ ಕಿರ್‍ರ್ ಅಂತದೆ. ಒಸ್ದಲ್ವಾ, ಓಡ್ತಾ ಓಡ್ತಾ ಒಂದ್ಕತ್ತದೆ ಅಂದ್ರು ಅಂಗ್ಡಿಯೋರು.”

“ಬೋರಯ್ಯ, ನಿಧಾನಕ್ಕೆ ಪಕ್ಕಕ್ಕೆ ತಗೊಳ್ಳಿ. ಸ್ಟೇರಿಂಗ್ ಜಾಸ್ತಿ ತಿರುಗಿಸಬೇಡಿ. ನಿಲ್ಲಿಸಿ, ಮಕ್ಕಳನ್ನೆಲ್ಲ ಇಳಿಸಿ.”

ಫೋನಿನೊಳಗೆ ಎಂಜಿನ್ನಿನ ಸದ್ದು ತಗ್ಗುತ್ತಾ ಬಂದು ನಿಂತಿತು. ಬಾಗಿಲು ಸರಿದ ಸದ್ದು, ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ರಸ್ತೆಗೆ ಧುಮುಕುವ ಸದ್ದು ಕೇಳಿಸಿತು. ಕೊನೆಯ ಮಗು ಇಳಿಯುವವರೆಗೂ ರೂಪ ಫೋನನ್ನು ಕಿವಿಗೆ ಒತ್ತಿ ಹಿಡಿದೇ ನಿಂತಿದ್ದಳು.