ಜರಿಗಿಡಗಳಿಗೊಂದು ಚಪ್ಪರ

ಗೇಟಿನ ಹತ್ತಿರ ನಿಂತಿದ್ದವನು ಚಂದುವೇ. ಕೈಯಲ್ಲಿ ಅದೇ ತಗಡಿನ ಟ್ರಂಕು. ಎರಡು ತಿಂಗಳಲ್ಲಿ ಮುಖ ಇನ್ನಷ್ಟು ಒಣಗಿತ್ತು.

ಚಂದ್ರಮತಿ ಸ್ಟೂಲಿನ ಮೇಲೆ ನಿಂತು, ಗಾಳಿಗೆ ಏಳುತ್ತಿದ್ದ ಚಪ್ಪರದ ಹಗ್ಗವನ್ನು ಎರಡೂ ಕೈಯಿಂದ ಜಗ್ಗಿ ಹಿಡಿದಿದ್ದಳು. ಕರೆಯಬೇಕೆಂದುಕೊಂಡಳು, ಅಷ್ಟರಲ್ಲಿ ಗಾಳಿ ಹಗ್ಗವನ್ನು ಮತ್ತೆ ಎಳೆಯಿತು. ಅವನು ಚಪ್ಪರ ನೋಡಿದ, ಅವಳನ್ನು ನೋಡಿದ, ಮತ್ತೆ ಚಪ್ಪರ ನೋಡಿದ. ಆಮೇಲೆ ಒಳಗೆ ಕಾಲೂ ಇಡದೆ ಬಂದ ದಾರಿಯಲ್ಲೇ ತಿರುಗಿ ಹೊರಟುಬಿಟ್ಟ.

ಊರಿನಲ್ಲಿ ಮದುವೆಯಾಗಿ ಬಂದಿದ್ದಾನೆ, ಮುಖ ಕೊಟ್ಟು ಹೇಳಲಾರದೆ ಹೋಗುತ್ತಿದ್ದಾನೆ. ಇನ್ನೇನು ಇದ್ದೀತು?

ಈ ಭಯ ಇಂದಿನದಲ್ಲ. ಊರಿನಿಂದ ದೂರ, ತಮಿಳರ ನಡುವೆ, ಅಡ್ಯಾರಿನಲ್ಲಿದ್ದ ಚಂದ್ರಮತಿಯವರ ಮನೆಯ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದ ಚಂದು ಹಾರ್ಬರ್ ಆಫೀಸಿನ ಗುಮಾಸ್ತ. ಬಾಯಿ ಕಡಿಮೆ, ಗಿಡದ ಹುಚ್ಚು ಜಾಸ್ತಿ. ಕಾರ್ಕಳದ ಬಾವಿಗೋಡೆಯಿಂದ ಕಿತ್ತು ತಂದ ಜರಿಗಿಡಗಳು, ಬಿಗೋನಿಯಾ, ಬಣ್ಣದ ಕೆಸು, ತೆಂಗಿನ ನಾರಿಗೆ ಕಟ್ಟಿದ ಸೀತೆದಂಡೆ ಆರ್ಕಿಡ್, ಹೀಗೆ ನಲವತ್ತು ಕುಂಡಗಳನ್ನು ಅಂಗಳದ ಮಾವಿನ ನೆರಳಲ್ಲಿ ಕೂರಿಸಿದ್ದ. ಐವತ್ತೊಂಬತ್ತರ ಜನವರಿ ಕೊನೆಯಲ್ಲಿ ತಾಯಿಗೆ ಕಾಯಿಲೆ ಜೋರು ಎಂದು ಊರಿನಿಂದ ತಂತಿ ಬಂದಾಗ ಅವೆಲ್ಲವನ್ನೂ ಅವಳಿಗೆ ಒಪ್ಪಿಸಿದ್ದ.

"ಬೆಳಿಗ್ಗೆ ನೀರು ಚಿಮುಕಿಸಿ. ಮಧ್ಯಾಹ್ನ ಬೇಡ. ಸಣ್ಣೆಲೆಯ ಜರಿಯನ್ನು ಕೈಯಲ್ಲಿ ಮುಟ್ಟಬಾರದು, ಆಯ್ತಾ?"

"ಇಷ್ಟೆಲ್ಲ ನನಗೆ ಕೊಟ್ಟು ಹೋಗ್ತೀರಲ್ಲ, ನಂಬಿಕೆ ಉಂಟಾ?"

"ಗಿಡಗಳಿಗೆ ಉಂಟು."

"ಗಿಡದ ಯಜಮಾನರಿಗೆ?"

ಅವನು ತಲೆ ತಗ್ಗಿಸಿದ. ಕಿವಿಯ ತುದಿ ಮಾತ್ರ ಕೆಂಪಾಯಿತು. ಅವಳು ಅದನ್ನು ನೋಡಿದಳು, ಅವಳು ನೋಡಿದ್ದನ್ನು ಅವನೂ ನೋಡಿದ. ಹದಿನೈದು ದಿನದಲ್ಲಿ ಬರುತ್ತೇನೆಂದು ಹೇಳಿ ಹೊರಟ.

ಹದಿನೈದು ದಿನ ಎರಡು ತಿಂಗಳಾಯಿತು. ಬಂದದ್ದು ಎರಡೇ ಕಾರ್ಡು, ಎರಡರಲ್ಲೂ ಗಿಡಗಳ ಕ್ಷೇಮಸಮಾಚಾರ ಕೇಳಿದ್ದ. 'ನೀವು ಹೇಗಿದ್ದೀರಿ' ಎಂಬ ಮಾತಿಲ್ಲ.

ಆ ವರ್ಷದ ಸುಗ್ಗಿ ತಿಂಗಳಿಗೆ ತಲೆ ಕೆಟ್ಟಿತ್ತು. ಒಂದು ದಿನ ಹಪ್ಪಳ ಸುಡುವಂಥ ಬಿಸಿಲು, ಮರುದಿನ ಸಮುದ್ರದ ಕಡೆಯಿಂದ ತಣ್ಣನೆಯ ಗಾಳಿ, ಅದರ ಮರುದಿನ ಹೇಳದೆ ಕೇಳದೆ ಮಳೆ. ಬೆಳಿಗ್ಗೆ ಎದ್ದರೆ ಅವಳ ಮೊದಲ ಕೆಲಸ ಹೆದರುತ್ತ ಹೆದರುತ್ತ ಎಲೆಗಳನ್ನು ನೋಡುವುದು. ಒಂದು ಗಿಡ ಸತ್ತರೂ ಅವನು ಬರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅವಳೇ ಹೇಗೋ ಹಾಗೆ ನಂಬಿಬಿಟ್ಟಿದ್ದಳು. ಬಿಸಿಲಿಗೆ ಒದ್ದೆ ಗೋಣಿ ಹೊದಿಸಿದಳು, ಮಳೆಗೆ ಕುಂಡಗಳನ್ನು ಜಗಲಿಗೆ ಹೊತ್ತಳು.

ಮೊನ್ನೆಯ ಗಾಳಿಗೆ ಮಾವಿನ ದೊಡ್ಡ ಕೊಂಬೆಯೇ ಮುರಿದು ಬಿತ್ತು. ನೆರಳೆಲ್ಲ ಹೋಯಿತು. ಎರಡೇ ದಿನದಲ್ಲಿ ಜರಿಯ ಅಂಚು ಕಂದತೊಡಗಿದ್ದು ನೋಡಿ ಅವಳಿಗೆ ಅಳುವೇ ಬಂತು. ಇಂದು ಬೆಳಿಗ್ಗೆ ಆಳು ಕರೆಸಿ ತೆಂಗಿನ ಗರಿಯ ಚಪ್ಪರ ಹಾಕಿಸಿದಳು. ಪಡುವಣ ಬಿಸಿಲು ತಪ್ಪಲಿ ಎಂದು ಹಿತ್ತಿಲಿನ ಎರಡು ಬಾಳೆಯನ್ನು ಬುಡಸಮೇತ ಕಡಿದು ಗೇಟಿನ ಎರಡೂ ಬದಿಗೆ ಕಟ್ಟಿಸಿದಳು.

"ಚಂದ್ರಾ!" ಚಂದು ಬೀದಿಯ ತಿರುವು ದಾಟುತ್ತಿದ್ದಂತೆ ಎದುರುಮನೆಯ ತಮಿಳು ಪಾಟಿಯಜ್ಜಿ ಬೇಲಿಯಾಚೆಯಿಂದ ಕೂಗಿದರು. "ಮುಹೂರ್ತಂ ಎಪ್ಪೋಮ್ಮಾ? ಎಂಗಳುಕ್ಕು ಪತ್ರಿಕೆಯೇ ವರಲೆ!"

ಮುಹೂರ್ತ ಯಾವಾಗ? ಲಗ್ನಪತ್ರಿಕೆ ಬರಲಿಲ್ಲ? ಚಂದ್ರಮತಿ ತಾನು ಕಟ್ಟಿಸಿದ್ದನ್ನು ಆಗ ಮೊದಲ ಬಾರಿಗೆ ಬೀದಿಯವರ ಕಣ್ಣಲ್ಲಿ ನೋಡಿದಳು. ಮನೆ ಮುಂದೆ ಹಸಿರು ಚಪ್ಪರ, ಬಾಗಿಲಿಗೆ ಬಾಳೆಕಂಬ. ಗಿಡದ ಚಿಂತೆಯಲ್ಲಿ ಬುದ್ಧಿ ಮೇಯಲು ಹೋಗಿತ್ತು.

"ಅಯ್ಯೋ ದೇವರೇ," ಎಂದಳು.

ತಾಯಿ ಅಕ್ಕು ಒಳಗಿನಿಂದ ಓಡಿ ಬಂದಳು. "ಹಗ್ಗ ಬಿಡಬೇಡ ಮಾರಾಯ್ತಿ! ಬಿಟ್ರೆ ಚಪ್ಪರ ಪೂರಾ ಗಿಡದ ಮೇಲೆ ಬೀಳ್ತದೆ!"

ಹೌದು, ಬೀಳುತ್ತದೆ. ಎರಡು ತಿಂಗಳು ಜೀವ ಹಿಡಿದು ಕಾಯ್ದ ಗಿಡಗಳು. ಆದರೆ ಹಾರ್ಬರ್ ಪಕ್ಕದ ಪ್ಯಾರಿಸ್ ಪೇಟೆಗೆ ಹೋಗುವ ಬಸ್ಸು ಬರುವ ಹೊತ್ತು. ಅದನ್ನು ಹತ್ತಿದರೆ ಅವನು ಸ್ಟೇಷನ್ನಿಗೆ ಹೋಗುತ್ತಾನೆ, ಊರಿಗೆ ಹೋಗುತ್ತಾನೆ. ಹೋದವನು ಮತ್ತೆ ಬರುವುದಿಲ್ಲ.

ಅವಳು ಹಗ್ಗ ಬಿಟ್ಟಳು.

ಹಿಂದೆ ಏನೋ ಲಟಲಟನೆ ಮುರಿದ ಸದ್ದಾಯಿತು. ತಿರುಗಿ ನೋಡಲಿಲ್ಲ. ಹನಿ ಶುರುವಾಗಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ಓಡಿದಳು.

ಬಸ್ಸು ನಿಂತಿತ್ತು. ಚಂದು ಕಿಟಕಿಯ ಪಕ್ಕ, ಟ್ರಂಕು ತೊಡೆಯ ಮೇಲೆ. ಕಂಡಕ್ಟರನ ವಿಸಲ್ ಬಾಯಿಗೆ ಹೋಗಿತ್ತು.

"ಅದು ಮದುವೆ ಚಪ್ಪರ ಅಲ್ಲ!"

ಅವನು ಬೆಚ್ಚಿ ನೋಡಿದ. "ಎಂಥದು?"

"ನಿಮ್ಮ ಜರಿಗಿಡಕ್ಕೆ ಹಾಕಿಸಿದ್ದು!"

"ಮತ್ತೆ ಬಾಳೆ?"

"ಅದೂ ಗಿಡಕ್ಕೇ! ಬಿಸಿಲು ಹೊಡೀತದಲ್ಲ!"

ಬಸ್ಸಿನ ಅಷ್ಟೂ ತಲೆಗಳು ಅವಳ ಕಡೆ ತಿರುಗಿದವು. ಎಲ್ಲ ತಮಿಳರು, ಕನ್ನಡ ಯಾರಿಗೂ ಗೊತ್ತಾಗುವುದಿಲ್ಲ. ಆ ಧೈರ್ಯದಲ್ಲಿ ಬಾಯಿ ತೆರೆದಳು.

"ಗಿಡ ಸತ್ತರೆ ಸಾಯ್ಲಿ. ನನಗೆ ನೀವು ಬೇಕು. ಎರಡು ತಿಂಗಳು ಹೆದರಿ ಹೆದರಿ ಸಾಕಾಯ್ತು. ಊರಲ್ಲಿ ಮದುವೆ ಆದ್ರಾ ಇಲ್ವಾ, ಅದೊಂದು ಹೇಳಿ. ಆಮೇಲೆ ಬೇಕಾದ್ರೆ ಹೋಗಿ!"

ಮುಂದಿನ ಸೀಟಿನಿಂದ ಕೊಡೆ ಹಿಡಿದ ಮುದುಕರೊಬ್ಬರು ತಿರುಗಿದರು.

"ಇಲ್ಲ ಅಂತ ಹೇಳಿ ಇಳಿ ಮಾರಾಯ. ಹುಡುಗಿ ಮಳೆಯಲ್ಲಿ ನೆನೀತಾ ಉಂಟು, ಕಾಣುದಿಲ್ವಾ ನಿಂಗೆ?"

ಚಂದ್ರಮತಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನಿಸಿತು.

"ಇಲ್ಲ," ಎಂದ ಚಂದು, ಮುದುಕರಿಗೋ ಅವಳಿಗೋ ತಿಳಿಯಲಿಲ್ಲ. ಟ್ರಂಕು ಅಪ್ಪಿಕೊಂಡೇ ಇಳಿದ. ಬಸ್ಸು ಹೊರಟಿತು.

"ನಿಮ್ಮಪ್ಪನ ಹತ್ರ ಕೇಳುವ ಅಂತ ಸ್ಟೇಷನ್ನಿಂದ ಸೀದಾ ಬಂದದ್ದು," ಎಂದ. "ಅಮ್ಮ ಹುಷಾರಾದ್ರು. ಅವರು ಒಪ್ಪಿದ್ದಾರೆ."

"ಮತ್ತೆ ಯಾಕೆ ಒಂದು ಮಾತೂ ಕೇಳದೆ ತಿರುಗಿದ್ದು?"

"ಹೆದರಿಕೆ ಆಯ್ತು."

"ಕಾರ್ಡಲ್ಲಿ ನನ್ನ ಬಗ್ಗೆ ಕೇಳದ್ದು?"

"ಅದಕ್ಕೂ ಹೆದರಿಕೆ."

ಅವಳಿಗೆ ನಗು ಬಂತು, ಜತೆಗೆ ಅಳುವೂ. "ನನಗಿಂತ ದೊಡ್ಡ ಪುಕ್ಕಲ ನೀವು."

ಹಾಡುಹಗಲು ಅಡ್ಯಾರಿನ ನಡುರಸ್ತೆಯಲ್ಲಿ ಅವನು ಕೈ ಚಾಚಿದ. ಅವಳು ಹಿಡಿದಳು. ಮನೆಯ ತಿರುವು ಬರುವವರೆಗೂ ಇಬ್ಬರೂ ಬಿಡಲಿಲ್ಲ.