ಶಿರಾದವರ ಖಾಲಿ ಸರದಿ

ಮಾರ್ಚ್ 12, ಬೆಳಿಗ್ಗೆ 10.20. ಶಿರಾ ಕೃಷಿ ಸಂಶೋಧನಾ ಕೇಂದ್ರದ ಮುಖ್ಯಸ್ಥ ಪ್ರಸನ್ನಕುಮಾರ್ ದೂರು ಹಿಡಿದು ಶಿರಾ ಠಾಣೆಗೆ ಬಂದರು. ಮಧುಗಿರಿ, ಶಿರಾ, ಹೊಳವನಹಳ್ಳಿ, ಪಾವಗಡದ ನಾಲ್ಕು ಕೇಂದ್ರಗಳು ತಮ್ಮ ದೊಡ್ಡ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಸರದಿಯಂತೆ ಬಳಸುತ್ತಿದ್ದವು. ಪ್ರಸನ್ನಕುಮಾರ್ ಹತ್ತು ದಿನ ರಜೆ ಹಾಕಿದ್ದೇ ತಡ, ಅವರ ಪಾಸ್‌ವರ್ಡಿನಿಂದಲೇ ಅವರ ಸರದಿಗೆ ಯಾರೋ ಕೈ ಹಾಕಿದ್ದರು.

"ಇನ್ನೂ ಓಡ್ತಾ ಐತೆ ಮೇಡಂ. ನನ್ನ ಹೆಸರಲ್ಲಿ ಏನ್ ಮಾಡ್ತಾವ್ರೋ ಏನೋ!"

ಇನ್‌ಸ್ಪೆಕ್ಟರ್ ಆಶಾರಾಣಿ ಎಫ್‌ಐಆರ್ ದಾಖಲಿಸಿದರು. "ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು?"

"ಹೋದ ವರ್ಷ ರಿಪೇರಿಗೆ ಅಂತ ಹೊಳವನಹಳ್ಳಿ ಗಂಗಲಕ್ಷ್ಮಿಗೆ ಹೇಳಿದ್ದೆ. ಬದಲಾಯಿಸೋದು ಮರ್ತೇಹೋಯ್ತು."

ಅರ್ಧ ತನಿಖೆ ಅಲ್ಲೇ ಮುಗಿಯಿತು. ಆಶಾರಾಣಿ ಬಂದ ನಗುವನ್ನು ತಡೆದುಕೊಂಡರು.

ಮಧ್ಯಾಹ್ನ 1.40, ಹೊಳವನಹಳ್ಳಿ. ಕಾನ್‌ಸ್ಟೆಬಲ್ ಸಣ್ಣರಂಗಯ್ಯ ಪಂಚನಾಮೆ ಬರೆಯತೊಡಗಿದ. ಕೇಂದ್ರದ ಕಂಪ್ಯೂಟರ್ ನೋಡಿಕೊಳ್ಳುವ ಗಂಗಲಕ್ಷ್ಮಿ ಏನನ್ನೂ ಮುಚ್ಚಿಡಲಿಲ್ಲ.

"ತಪ್ಪು ಅಂತ ಗೊತ್ತಿರಲಿಲ್ವಾ?"

"ನಮ್ಮಪ್ಪ ಮದಲೂರು ಕೆರೆ ನೀರಗಂಟಿ ಮೇಡಂ. ಸರದಿಯೋರು ಬರದಿದ್ರೆ ನೀರು ಪಕ್ಕದ ಗದ್ದೆಗೆ ತಿರುಗಿಸ್ಬುಡೋನು, ಯಾರ್ನೂ ಕೇಳ್ತಿರಲಿಲ್ಲ. ಸುಮ್ನೆ ಹರಿದು ಹೋಗಬಾರ್ದಲ್ವಾ? ಇದೂ ಅಂಗೇ ಅಂದ್ಕಂಡೆ."

"ನಮ್ಮೂರಲ್ಲೂ ಅಂಗೇ ಮೇಡಂ," ಎಂದ ಸಣ್ಣರಂಗಯ್ಯ, ತಲೆ ಎತ್ತದೆ.

"ಓಡ್ತಿರೋದು ಏನು?"

ಪಾವಗಡದ ಕಡೆಯ ಒಂದು ಶಾಲೆ. ಕುಡಿಯುವ ನೀರಿನಲ್ಲಿ ಮೂಳೆ ಸೊಟ್ಟಗಾಗಿಸುವ ಫ್ಲೋರೈಡ್. ಮರುದಿನವೇ ಬೋರ್‌ವೆಲ್ ಲಾರಿ ಬರುವುದಿತ್ತು. ಗುರುತಿಸಿದ ಮೂರು ಜಾಗಗಳಲ್ಲಿ ಎಲ್ಲಿ ಕೊರೆದರೆ ಒಳ್ಳೆಯ ನೀರು ಸಿಗಬಹುದು ಎಂಬ ಲೆಕ್ಕ ಅದು. ಗಂಗಲಕ್ಷ್ಮಿಯ ಅಕ್ಕನ ಮಗಳು, ಎಂಟು ವರ್ಷದ ಯಶಸ್ವಿನಿ, ಓದುವುದು ಅದೇ ಶಾಲೆಯಲ್ಲಿ. ಅವಳ ಮೊಣಕಾಲು ಆಗಲೇ ಸೊಟ್ಟಗಾಗಿತ್ತು.

"ಇನ್ನೆರಡು ಗಂಟೆ ಸಾಕು ಮೇಡಂ. ಈಗ ನಿಲ್ಸಿದ್ರೆ ಮೊದ್ಲಿಂದ ಹತ್ತು ದಿನ."

ನಿಲ್ಲಿಸಿ ಎನ್ನಲು ಆಶಾರಾಣಿಗೆ ಮನಸ್ಸು ಬರಲಿಲ್ಲ. ಆದರೆ ಬೇರೆಯವರ ಸರದಿ ದಾನ ಮಾಡಲು ತಾವು ಯಾರು? ಪ್ರಸನ್ನಕುಮಾರ್‌ಗೆ ಫೋನ್ ಹಚ್ಚಿ, ವಿಷಯ ತಿಳಿಸಿ, ಸ್ಪೀಕರ್ ಹಾಕಿದರು.

"ಕೇಳಿದ್ರೆ ಕೊಡ್ತಿದ್ನಲ್ಲಮ್ಮ, ಪೆದ್ದಿ! ಓಡ್ಲಿ ಮೇಡಂ. ಒಪ್ಪಿಗೆ ಬರ್ದು ಕಳಿಸ್ತೀನಿ."

4.05ಕ್ಕೆ ಲೆಕ್ಕ ಮುಗಿಯಿತು. ಗಂಗಲಕ್ಷ್ಮಿ ಫೋನಿನಲ್ಲಿ ಅಕ್ಕನಿಗೆ, "ಗುಡಿ ಹಿಂದಿನ ಜಾಗ ಕಣಕ್ಕ, ಅಲ್ಲೇ ಕೊರೆಸ್ರಿ," ಎನ್ನುವಷ್ಟರಲ್ಲಿ ಅತ್ತುಬಿಟ್ಟಳು.

4.15ಕ್ಕೆ ಬಂಧನ. ದಾಖಲಾದ ಎಫ್‌ಐಆರ್ ಅಳಿಸಲು ಬರುವುದಿಲ್ಲ. ಜಾಮೀನು ಸಿಗುವ ಅಪರಾಧವಾದ್ದರಿಂದ ಸಂಜೆಯೇ ಬಿಡುಗಡೆ. ಠಾಣೆಗೆ ಹೋಗುವ ಜೀಪಿನಲ್ಲಿ ಆಶಾರಾಣಿ ಮೆಲ್ಲಗೆ ಕೇಳಿದರು:

"ಒಳ್ಳೆ ನೀರು ಕುಡಿದ್ರೆ ಯಶಸ್ವಿನಿ ಕಾಲು ನೆಟ್ಟಗಾಗುತ್ತಾ?"

"ಇಲ್ಲ ಮೇಡಂ. ಅವಳದ್ದು ಮುಗೀತು. ಮಿಕ್ಕಿದ ಮಕ್ಳು ಇದಾರಲ್ಲ."

ಅಂದಿನ ಕೇಸ್ ಡೈರಿಯಲ್ಲಿ, ಕೃತ್ಯದ ಉದ್ದೇಶ ಎಂಬಲ್ಲಿ, ಆಶಾರಾಣಿ ಆ ಕೊನೆಯ ಮಾತನ್ನೇ ಬರೆದರು.