ಬಾಕಿ ಉಳಿದ ರೀಸ್ಟಾರ್ಟ್

ಜೂನ್ ಹದಿನೆಂಟರ ಬೆಳಿಗ್ಗೆ ಮಾನ್ವಿ ಠಾಣೆಗೆ ದೂರು ಬಂತು. ಹಿಂದಿನ ರಾತ್ರಿ ಖಾಸಗಿ ಆಸ್ಪತ್ರೆಯೊಂದರ ಫ್ರಿಜ್ ಕೆಟ್ಟು, ಕೂಡಿಟ್ಟ ರಕ್ತವೆಲ್ಲ ಹಾಳಾಗಿತ್ತು. ಹೆರಿಗೆಗೆ ಬಂದಿದ್ದ ಶೇಖಮ್ಮ ರಕ್ತ ಸಿಗದೆ ರಾಯಚೂರಿನ ದಾರಿಯಲ್ಲೇ ತೀರಿಕೊಂಡಿದ್ದಳು. ಫ್ರಿಜ್ ಕೆಟ್ಟರೆ ಸರ್ವರ್ ತಾನಾಗಿ ವಾಚ್‌ಮನ್‌ಗೆ ಫೋನ್ ಮಾಡಬೇಕು. ಫೋನ್ ಹೋದರೂ ಹೊಸ ವಾಚ್‌ಮನ್ ಮೂಕಪ್ಪ ಎತ್ತಲಿಲ್ಲ ಎಂದು ಸರ್ವರ್ ಎಂಜಿನಿಯರ್ ತಿಳಿಸಿದ್ದಾಗಿ ಆಸ್ಪತ್ರೆಯ ವ್ಯವಸ್ಥಾಪಕ ಬಸವಲಿಂಗ ಬರೆದುಕೊಟ್ಟರು. ಎಫ್‌ಐಆರ್ ಆಯಿತು.

ಇನ್‌ಸ್ಪೆಕ್ಟರ್ ಸುಮಂಗಲಾ ಮೂಕಪ್ಪನನ್ನು ಎದುರಿಗೆ ಕೂರಿಸಿಕೊಂಡರು.

"ಫೋನ್ ಬಂತೇನು?"

"ಬಂದಂಗ ನೆನಪಿಲ್ಲರಿ ಯವ್ವಾ. ಸಾಹೇಬ್ರು ಬಂತು ಅಂದ್ರ ಬಂದಿರಬೇಕ್ರಿ. ಕಣ್ಣು ಹತ್ತಿರಬೇಕು."

"ಜೈಲಿಗೆ ಹೋಗ್ತೀಯಲ್ಲೋ!"

ಮೂಕಪ್ಪ ಕೈ ಮುಗಿದ.

ಸಂಜೆಗೆ ಫೋನ್ ಕಂಪನಿಯಿಂದ ವಿವರ ಬಂತು. ಮೂಕಪ್ಪನಿಗೆ ಕರೆಯೇ ಹೋಗಿರಲಿಲ್ಲ. ಎಲ್ಲವೂ ಕೆಲಸ ಬಿಟ್ಟುಹೋದ ಹಳೆಯ ವಾಚ್‌ಮನ್‌ನ ಬಂದಾದ ನಂಬರಿಗೆ ಹೋಗಿದ್ದವು.

ಮರುದಿನ ಸುಮಂಗಲಾ, ಸೈಬರ್ ವಿಭಾಗದ ಕಾನ್‌ಸ್ಟೇಬಲ್ ನೌಶೀನ್ ಜೊತೆ, ಆ ಸರ್ವರ್ ನೋಡಿಕೊಳ್ಳುವ ರಾಯಚೂರಿನ ಕಚೇರಿಗೆ ಹೋದರು. ಅಲ್ಲಿನ ಎಂಜಿನಿಯರ್, ಗಬ್ಬೂರಿನ ಅಂಬರೀಶ, ಪರದೆ ತೋರಿಸಿದ.

"ಹೊಸ ನಂಬರ್ ಹಾಕೀನ್ರಿ ಮೇಡಂ. ನೋಡ್ರಿ."

ನಂಬರ್ ಸರಿಯಿತ್ತು. ನೌಶೀನ್ ಸರ್ವರ್‌ನ ಒಳಹೊಕ್ಕು ನೋಡಿದಳು.

"ನಂಬರ್ ಬರದ್ರಷ್ಟ ಸಾಲದ್ರಿ ಮೇಡಂ. ಫೋನ್ ಮಾಡೋ ಅಲಾರಂ ಬಂದಾಗಿ ರೀಸ್ಟಾರ್ಟ್ ಆದ್ರೇನೆ ಅದು ಹೊಸ ನಂಬರ್ ಓದ್ತದ. ನಂಬರ್ ಬದಲಿಸೋ ಪ್ರೋಗ್ರಾಂನ್ಯಾಗ ಆ ಕೆಲಸ ಕೊನಿಗಿರ್ತದ. ನಡುವ ಬ್ಯಾರೆ ಏನರ ಕೆಟ್ಟು ನಿಂತ್ರ, ಅದು ಬಿಟ್ಟೇ ಹೋಗ್ತದ. ಮತ್ತ ಓಡಿಸಿದ್ರ, ನಂಬರ್ ಮೊದಲೇ ಬದಲಾಗ್ಯದ ಅಂತ ಮಷಿನ್ ರೀಸ್ಟಾರ್ಟ್ ಮಾಡೋದೇ ಇಲ್ಲ."

"ಉಪಾಯ?"

"ಏನು ಕೆಟ್ಟರೂ ಬಾಕಿ ಕೆಲಸ ಮುಗಿಸು ಅಂತ ಮೊದಲೇ ಹೇಳಿಡಬೇಕ್ರಿ. ಇಲ್ಲಾ ಕೈಲೇ ರೀಸ್ಟಾರ್ಟ್."

"ಕೈಲೇ ಯಾಕ ಮಾಡಲಿಲ್ಲ?" ಸುಮಂಗಲಾ ಅಂಬರೀಶನತ್ತ ತಿರುಗಿದರು.

"ನಂಬರ್ ಹಾಕುವಾಗ ನಡುವ ಕೆಟ್ಟು ನಿಂತದ್ದು ಅಮಾಸಿ ದಿನರಿ. ಸರ್ವರ್‌ಗೆ ಲಿಂಬಿಹಣ್ಣು ಇಟ್ಟು ದೀಪ ಹಚ್ಚಿದ್ವಿ. ದೀಪ ಇರೋತನಕ ಯಾವುದೂ ಬಂದ್ ಮಾಡಬ್ಯಾಡ ಅಂದ್ರು ಮಾಲಕ್ರು. ಮರುದಿನ ಓಡಿಸಿದೆ, ಎಲ್ಲಾ ಸರಿ ಅಂತ ಬಂತು."

"ಲಿಂಬಿಹಣ್ಣು ರೀಸ್ಟಾರ್ಟ್ ಮಾಡ್ತದೇನ್ರಿ ಅಣ್ಣಾ?" ಎಂದಳು ನೌಶೀನ್.

"ದೇವರ ಮ್ಯಾಲ ಹಾಕಬ್ಯಾಡ," ಎಂದರು ಸುಮಂಗಲಾ, ನೌಶೀನ್ ಪರದೆಯಲ್ಲಿ ತೋರಿಸಿದ್ದನ್ನು ಓದುತ್ತ. "ಅಲಾರಂ ಹದಿನೆಂಟನೇ ತಾರೀಖ, ದೂರು ಬರೋ ಮುಂಚೆ, ರೀಸ್ಟಾರ್ಟ್ ಆಗ್ಯದ. ಹಳೇ ದಾಖಲಿ ಅಳಿಸ್ಯಾರ. ಮಾಡಿದವರು ಯಾರು?"

"ನಾನರಿ. ಸಾವಿನ ಸುದ್ದಿ ಬಂದಕೂಡ್ಲೇ, ಫೋನ್ ಹಳೇ ನಂಬರಿಗೇ ಹೋಗ್ಯದ ಅಂತ ತಿಳೀತ್ರಿ."

ಪಂಚನಾಮೆ ಮುಗಿಯಿತು. ಸಾಕ್ಷ್ಯ ನಾಶ ಮತ್ತು ಸುಳ್ಳು ಮಾಹಿತಿಯ ಆರೋಪದ ಮೇಲೆ ಅಂಬರೀಶನನ್ನು ಬಂಧಿಸಲಾಯಿತು. ಜೀಪು ಮಾನ್ವಿಯತ್ತ ಹೊರಟಿತು.

"ತಪ್ಪು ಆಗ್ತದ," ಎಂದರು ಸುಮಂಗಲಾ. "ಆದ್ರ ಫೋನ್ ಮೂಕಪ್ಪಗ ಹೋಗ್ಯದ ಅಂತ ಯಾಕ ಹೇಳಿದಿ?"

ಅಂಬರೀಶ ಹೊರಗಿನ ಗದ್ದೆಗಳನ್ನೇ ನೋಡುತ್ತಿದ್ದ.

"ಅಂವ ಎದುರು ಮಾತಾಡಲ್ಲ ಅಂತ ಗೊತ್ತಿತ್ರಿ. ನಮ್ಮಪ್ಪನೂ ವಾಚ್‌ಮನ್ರಿ."